‘ಅಂಡರ್ ದಿ ರೆಡ್ ಹುಡ್’: ರಾಬಿನ್ ಸಾವಿನ ಹೊಣೆ ಯಾರದು?

ಕಾಮಿಕ್ಸನ್ನು ಸಿನಿಮಾ ಮಾಡುವಾಗ ಏನು ಬಿಟ್ಟರು, ಏನು ಸೇರಿಸಿದರು ಎಂದು ಪಟ್ಟಿ ಮಾಡಿ ಸುಮ್ಮನಾಗುವುದು ನಮ್ಮಲ್ಲಿ ಹೆಚ್ಚಿನವರ ರೂಢಿ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಒಂದೇ ಒಂದು ಘಟನೆಯ ಕಾರಣವನ್ನು ಬದಲಿಸಿದರೆ ಇಡೀ ಕಥೆಯ ಭಾರ ಹೇಗೆ ಸರಿಯುತ್ತದೆ ಎಂದು ನೋಡಲು ‘ಬ್ಯಾಟ್‌ಮ್ಯಾನ್: ಅಂಡರ್ ದಿ ರೆಡ್ ಹುಡ್’ ಹೇಳಿ ಮಾಡಿಸಿದಂತಿದೆ. 2010ರ ಜುಲೈನಲ್ಲಿ ನೇರವಾಗಿ ಡಿವಿಡಿ, ಬ್ಲೂ-ರೇಗೆ ಬಂದ ಅನಿಮೇಷನ್ ಚಿತ್ರ ಇದು. ಅವಧಿ ಸುಮಾರು 75 ನಿಮಿಷ. ನಿರ್ದೇಶಕ ಬ್ರ್ಯಾಂಡನ್ ವಿಯೆಟ್ಟಿ, ಚಿತ್ರಕಥೆ ಜಡ್ ವಿನಿಕ್. ಮೂಲ ಕಾಮಿಕ್ಸ್ ಕೂಡ ವಿನಿಕ್ ಅವರದೇ. ‘ಬ್ಯಾಟ್‌ಮ್ಯಾನ್’ ಮಾಸಿಕದಲ್ಲಿ 2005-06ರಲ್ಲಿ ಬಂದದ್ದು. ತಾನೇ ಬರೆದ ಕಥೆಯನ್ನು ಮತ್ತೊಮ್ಮೆ ಹೇಳುವ ಅವಕಾಶ ಎಷ್ಟು ಬರಹಗಾರರಿಗೆ ಸಿಗುತ್ತದೆ ಹೇಳಿ?

ಮೊದಲು ಹಿನ್ನೆಲೆ. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಎಂದರೆ ಒಬ್ಬನೇ ವ್ಯಕ್ತಿ ಅಲ್ಲ, ಆ ಹೆಸರು ಹೊತ್ತವರು ಹಲವರು. ಮೊದಲನೆಯವನು ಡಿಕ್ ಗ್ರೇಸನ್, ಬೆಳೆದು ನೈಟ್‌ವಿಂಗ್ ಎಂಬ ಸ್ವತಂತ್ರ ನಾಯಕನಾದವನು. ಎರಡನೆಯವನು ಜೇಸನ್ ಟಾಡ್, 1983ರಲ್ಲಿ ಬಂದ. ಕೆಲವು ವರ್ಷಗಳ ನಂತರ ಅವನ ಕಥೆಯನ್ನು ತಿದ್ದಿ ಬರೆದರು: ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್‌ನ ಟೈರ್ ಕದಿಯುವಾಗ ಸಿಕ್ಕಿಬಿದ್ದ ಬೀದಿ ಹುಡುಗ, ಮುಂಗೋಪಿ, ಒರಟ. ಹಲವು ಓದುಗರಿಗೆ ಅವನು ಹಿಡಿಸಲಿಲ್ಲ. 1988ರಲ್ಲಿ ‘ಎ ಡೆತ್ ಇನ್ ದಿ ಫ್ಯಾಮಿಲಿ’ ಎಂಬ ಕಥೆಯಲ್ಲಿ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ ಅವನ ಹಣೆಬರಹವನ್ನು ಓದುಗರ ಕೈಗೇ ಕೊಟ್ಟಿತು. ಸಂಚಿಕೆಯ ಕೊನೆಗೆ ಎರಡು ಫೋನ್ ನಂಬರ್: ಬದುಕಲಿ ಎನ್ನುವವರಿಗೆ ಒಂದು, ಸಾಯಲಿ ಎನ್ನುವವರಿಗೆ ಇನ್ನೊಂದು. ಒಂದು ಕರೆಗೆ 50 ಸೆಂಟ್. ಸಾಯಲಿ ಎಂದವು 5,343 ಕರೆ, ಬೇಡ ಎಂದವು 5,271. ಬರೀ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. (ಮುಂದೆ 2020ರಲ್ಲಿ ವಿಯೆಟ್ಟಿ ಅವರೇ ಇದೇ ಹೆಸರಿನ ಕಿರುಚಿತ್ರ ಮಾಡಿದರು. ಅದರಲ್ಲಿ ನೋಡುವವರು ರಿಮೋಟ್ ಹಿಡಿದು ಜೇಸನ್‌ನ ಗತಿ ನಿರ್ಧರಿಸಬಹುದು!)

ಈಗ ವಿಷಯಕ್ಕೆ ಬರೋಣ. ಆ 1988ರ ಕಥೆಯಲ್ಲಿ ಜೇಸನ್ ತನ್ನ ಹೆತ್ತ ತಾಯಿಯನ್ನು ಹುಡುಕಿಕೊಂಡು ಇಥಿಯೋಪಿಯಾಕ್ಕೆ ಹೋಗುತ್ತಾನೆ. ಅವಳೇ ಅವನನ್ನು ಬ್ಯಾಟ್‌ಮ್ಯಾನ್‌ನ ಪರಮ ವೈರಿ ಜೋಕರ್‌ಗೆ ಒಪ್ಪಿಸುತ್ತಾಳೆ. ಆಮೇಲೆ ಜೋಕರ್ ವಿಶ್ವಸಂಸ್ಥೆಯಲ್ಲಿ ಇರಾನ್‌ನ ಪ್ರತಿನಿಧಿಯಾಗಿ ಬಂದು ನಿಲ್ಲುತ್ತಾನೆ. ಇವತ್ತು ಓದಿದರೆ ಮುಜುಗರವಾಗುವ ಭಾಗ. ಸತ್ತವನು 2005ರಲ್ಲಿ ಮರಳಿ ಬಂದದ್ದಕ್ಕೆ ಕಾಮಿಕ್ಸ್ ಕೊಟ್ಟ ಕಾರಣ ಇನ್ನೂ ವಿಚಿತ್ರ. ಸೂಪರ್‌ಬಾಯ್-ಪ್ರೈಮ್ ಎಂಬವನು ಬೇರೆಲ್ಲೋ ಇದ್ದುಕೊಂಡು ವಾಸ್ತವದ ಗೋಡೆಗೆ ಗುದ್ದಿದ, ಆ ಅಲೆಗೆ ಜೇಸನ್ ಶವಪೆಟ್ಟಿಗೆಯಲ್ಲಿ ಎದ್ದು ಕೂತ! ಡಿಸಿಯ ಬೇರೆ ದೊಡ್ಡ ಕಥೆಯೊಂದಕ್ಕೆ ಹೊಂದಿಸಲು ತಂದ ಕಾರಣ ಅದು. ಬ್ಯಾಟ್‌ಮ್ಯಾನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಚಿತ್ರದಲ್ಲಿ ವಿನಿಕ್ ಇವೆಲ್ಲವನ್ನೂ ಕಿತ್ತುಹಾಕಿದರು. ತಾಯಿ ಇಲ್ಲ, ಇಥಿಯೋಪಿಯಾ ಇಲ್ಲ, ಗೋಡೆ ಗುದ್ದುವವನೂ ಇಲ್ಲ. ಸಾವು ನಡೆಯುವುದು ಬೋಸ್ನಿಯಾದಲ್ಲಿ. ಬ್ಯಾಟ್‌ಮ್ಯಾನ್‌ನ ಹಳೆಯ ಎದುರಾಳಿ ರಾಸ್ ಅಲ್ ಗೂಲ್ ತನ್ನ ಸಂಚಿನಿಂದ ಬ್ಯಾಟ್‌ಮ್ಯಾನ್ ಗಮನ ಬೇರೆಡೆಗೆ ಸೆಳೆಯಲು ಜೋಕರ್‌ನನ್ನು ಕೂಲಿಗೆ ಹಿಡಿದಿರುತ್ತಾನೆ. ಜೋಕರ್ ಅವನ ಹಿಡಿತಕ್ಕೂ ಸಿಗುವುದಿಲ್ಲ. ಹುಡುಗ ಸತ್ತ ಮೇಲೆ ರಾಸ್‌ಗೆ ನಾಚಿಕೆ. ಶವವನ್ನು ಗುಟ್ಟಾಗಿ ಬದಲಾಯಿಸಿ, ಜೇಸನ್‌ನನ್ನು ಸತ್ತವರನ್ನು ಎಬ್ಬಿಸುವ ಲಾಜರಸ್ ಕುಂಡದಲ್ಲಿ ಮುಳುಗಿಸಿ ಬದುಕಿಸುತ್ತಾನೆ. ಎದ್ದವನು ಹುಚ್ಚು ಹಿಡಿದವನಂತೆ ಓಡಿಹೋಗುತ್ತಾನೆ.

ಇದರಿಂದ ಏನಾಯಿತು ನೋಡಿ. ಕಾಮಿಕ್ಸ್‌ನಲ್ಲಿ ಪುನರ್ಜನ್ಮ ಅಪಘಾತ. ಚಿತ್ರದಲ್ಲಿ ಅದು ಪಶ್ಚಾತ್ತಾಪದಿಂದ ಹುಟ್ಟಿದ್ದು. ರಾಸ್ ತನ್ನ ತಪ್ಪನ್ನು ತೊಳೆಯಲು ಹೋಗಿ ಇನ್ನೊಂದು ಅನಾಹುತ ಮಾಡಿದ. ಬ್ಯಾಟ್‌ಮ್ಯಾನ್‌ಗೆ ಹೊತ್ತಿಗೆ ಸರಿಯಾಗಿ ತಲುಪಲಾಗಲಿಲ್ಲವೆಂಬ ಕೊರಗು. ಇವರಿಬ್ಬರ ನಡುವೆ ಹೊಣೆಯೇ ಹೊರದವನು ಜೋಕರ್ ಒಬ್ಬನೇ. ಕಥೆಯ ಪ್ರತಿಯೊಂದು ಎಳೆಯೂ ಆ ಒಂದು ಸಾವಿಗೇ ಹೋಗಿ ಸೇರುತ್ತದೆ. ಚಿತ್ರ ಕಾಮಿಕ್ಸ್‌ಗಿಂತ ಗಟ್ಟಿಯಾಗಿರುವುದು ಈ ಕಾರಣಕ್ಕೇ ಎಂದು ನನ್ನ ಅಭಿಪ್ರಾಯ.

ಮೊದಲ ದೃಶ್ಯವನ್ನು ಎರಡು ಸಲ ನೋಡಿ, ಎರಡನೆಯ ಸಲ ಕಣ್ಣುಮುಚ್ಚಿ ಬರೀ ಕೇಳಿ. ಗೋದಾಮಿನಲ್ಲಿ ಜೋಕರ್ ಕಬ್ಬಿಣದ ಹಾರೆಯಿಂದ ಹುಡುಗನನ್ನು ಹೊಡೆಯುತ್ತಿದ್ದಾನೆ. ಯಾವ ಏಟು ಹೆಚ್ಚು ನೋವು, ಎ-ನಾ ಬಿ-ನಾ ಎಂದು ಬಹು ಆಯ್ಕೆಯ ಪ್ರಶ್ನೆಯ ಹಾಗೆ ಕೇಳುತ್ತಾನೆ. ಚಿತ್ರಕ್ಕೆ ಪಿಜಿ-13 (13ಕ್ಕಿಂತ ಚಿಕ್ಕವರ ಹೆತ್ತವರಿಗೆ ಎಚ್ಚರಿಕೆ ಹೇಳುವ ಅಮೆರಿಕದ) ಪ್ರಮಾಣಪತ್ರ, ತೋರಿಸುವುದಕ್ಕೆ ಮಿತಿ ಇತ್ತು. ಏಟು ಬೀಳುವ ಜಾಗಕ್ಕಿಂತ ಹೊಡೆಯುವವನ ಮುಖ, ಲೋಹದ ಸದ್ದು, ಚಿಮ್ಮುವ ರಕ್ತ ಇವೇ ಹೆಚ್ಚು ಕೆಲಸ ಮಾಡುತ್ತವೆ. ಜೋಕರ್ ದನಿ ಜಾನ್ ಡಿಮ್ಯಾಜಿಯೊ ಅವರದು. ಹಿಂದಿನ ಅನಿಮೇಷನ್‌ಗಳಲ್ಲಿ ದನಿ ಕೊಟ್ಟ ಮಾರ್ಕ್ ಹ್ಯಾಮಿಲ್ ಅವರ ಏರಿಳಿತದ ಜೋಕರ್ ಕೇಳಿ ಅಭ್ಯಾಸವಾದವರಿಗೆ ಈ ದಪ್ಪ, ಒರಟು ದನಿ ಮೊದಲಿಗೆ ಒಗ್ಗದಿರಬಹುದು.

‘ರೆಡ್ ಹುಡ್’ ಹೆಸರಿನಲ್ಲೂ ಒಂದು ಚುಚ್ಚು ಇದೆ. 1951ರ ಕಾಮಿಕ್ಸ್ ಪ್ರಕಾರ ಅದು ಜೋಕರ್ ಜೋಕರ್ ಆಗುವ ಮೊದಲು ಹಾಕಿಕೊಂಡಿದ್ದ ವೇಷ. ತನ್ನನ್ನು ಕೊಂದವನ ಹಳೆಯ ಮುಖವಾಡವನ್ನೇ ಜೇಸನ್ ಹಾಕಿಕೊಂಡು ಬ್ಯಾಟ್‌ಮ್ಯಾನ್‌ನ ಊರು ಗಾಥಮ್‌ಗೆ ಬರುತ್ತಾನೆ. ಮಾದಕವಸ್ತು ಮಾರುವವರನ್ನು ಸಭೆ ಸೇರಿಸಿ, ಲಾಭದ 40 ಶೇಕಡ ತನಗೆ ಕೊಡಿ, ಆದರೆ ಮಕ್ಕಳಿಗೆ ಮಾತ್ರ ಮಾರಬಾರದು ಎಂದು ಕರಾರು ಹಾಕುತ್ತಾನೆ. ಒಪ್ಪದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಚೀಲ ಎಸೆಯುತ್ತಾನೆ. ಒಳಗಿರುವುದು ಅವರ ಸಹಚರರ ತಲೆಗಳು. ಅಪರಾಧವನ್ನು ನಿಲ್ಲಿಸಲಾಗದು, ಹತೋಟಿಯಲ್ಲಿಡಬಹುದು ಎಂಬುದು ಅವನ ವಾದ.

ಕೊನೆಯ ಕೋಣೆಯಲ್ಲಿ ಮೂವರು: ಬ್ಯಾಟ್‌ಮ್ಯಾನ್, ಜೇಸನ್, ಜೋಕರ್. ನನ್ನನ್ನು ಉಳಿಸಲಿಲ್ಲವೆಂದು ಸಿಟ್ಟಿಲ್ಲ, ಈ ಜೋಕರ್ ಇನ್ನೂ ಯಾಕೆ ಬದುಕಿದ್ದಾನೆ ಎಂಬುದಷ್ಟೇ ಜೇಸನ್‌ನ ಪ್ರಶ್ನೆ. ಎಲ್ಲ ಖಳರನ್ನೂ ಕೊಲ್ಲು ಎಂದು ಅವನು ಕೇಳುತ್ತಿಲ್ಲ, ಈ ಒಬ್ಬನನ್ನು. ಬ್ಯಾಟ್‌ಮ್ಯಾನ್ ಕೊಡುವ ಉತ್ತರ ನೀತಿಪಾಠವಲ್ಲ: ಕೊಲ್ಲುವುದು ಕಷ್ಟವಲ್ಲ, ತೀರಾ ಸುಲಭ, ಒಮ್ಮೆ ಆ ಕಡೆ ಕಾಲಿಟ್ಟರೆ ಹಿಂದಿರುಗಲಾರೆ ಎನ್ನುವ ಭಯ. ಬ್ಯಾಟ್‌ಮ್ಯಾನ್‌ಗೆ ದನಿ ಕೊಟ್ಟ ಬ್ರೂಸ್ ಗ್ರೀನ್‌ವುಡ್ ಈ ಮಾತನ್ನು ದನಿ ಎತ್ತರಿಸದೆ ಹೇಳುತ್ತಾರೆ. ಜೆನ್ಸನ್ ಆಕಲ್ಸ್ ಅವರ ಜೇಸನ್ ಮಾತ್ರ ಅಳುವಿನ ಅಂಚಿಗೆ ಹೋಗಿ ಬರುತ್ತಾನೆ.

ಇಲ್ಲಿ ಒಂದು ಬದಲಾವಣೆಯನ್ನು ನಾನು ಒಪ್ಪಲಾರೆ. ಕಾಮಿಕ್ಸ್‌ನಲ್ಲಿ ಬ್ಯಾಟ್‌ಮ್ಯಾನ್ ಎಸೆದ ಬ್ಯಾಟರಾಂಗ್ (ಬಾವಲಿ ಆಕಾರದ ಎಸೆಯುವ ಆಯುಧ) ಜೇಸನ್‌ನ ಕುತ್ತಿಗೆಗೇ ತಗಲುತ್ತದೆ. ಜೋಕರ್‌ನನ್ನು ಉಳಿಸಲು ಹೋಗಿ ಮಗನಂಥವನನ್ನೇ ಕೊಲ್ಲುವ ಹಂತಕ್ಕೆ ಹೋದ ಎಂಬ ಘೋರ ಅಲ್ಲಿದೆ. ಚಿತ್ರದಲ್ಲಿ ಅದು ಪಿಸ್ತೂಲಿನ ನಳಿಗೆಗೆ ಸಿಕ್ಕಿ, ಪಿಸ್ತೂಲು ಜೇಸನ್‌ನ ಕೈಯಲ್ಲೇ ಸಿಡಿಯುತ್ತದೆ. ಚಿತ್ರ ಮೆತ್ತಗಾದದ್ದು ಇದೊಂದೇ ಕಡೆ. ನಡುವೆ ಬರುವ ಅಮೇಜೋ ಎಂಬ ಯಂತ್ರದ ಜೊತೆಗಿನ ಕಾದಾಟವನ್ನೂ ಅರ್ಧಕ್ಕೆ ಇಳಿಸಬಹುದಿತ್ತು.

ಓದುವ ಕ್ರಮ ಕೇಳಿದರೆ: ಮೊದಲು ಚಿತ್ರ, ಆಮೇಲೆ ‘ಬ್ಯಾಟ್‌ಮ್ಯಾನ್’ 635ರಿಂದ 650ರವರೆಗಿನ ಸಂಚಿಕೆಗಳಲ್ಲಿ ಬಂದ ಮೂಲ ಕಥೆ, 1988ರದ್ದು ಕೊನೆಗೆ. ತಿರುಗಿಸಿ ಓದಿದರೆ ರಾಸ್‌ನ ತಪ್ಪೊಪ್ಪಿಗೆ ಕೇಳುವ ಮೊದಲೇ ನಿಮ್ಮ ಮನಸ್ಸಿನಲ್ಲಿ ಬೇರೆ ಕಾರಣ ಕೂತುಬಿಟ್ಟಿರುತ್ತದೆ.