ಟೈಟಾನಿಯಂ ವೆಲ್ಡಿಂಗ್: ಆಂಪಿಯರ್ ಪಟ್ಟಿಯಲ್ಲಿ ಸಿಗದ ಉತ್ತರ

ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಟೈಟಾನಿಯಂ ಆರಿಸಿಕೊಳ್ಳಲಿ, ಬೀದರಿನ ಕೊಳಾರದಲ್ಲೋ ಯಾದಗಿರಿಯ ಕಡೇಚೂರಿನಲ್ಲೋ ಫ್ಯಾಬ್ರಿಕೇಶನ್ ಮಾಡುವವರ ಕೈಗೆ ಟೈಟಾನಿಯಂ ಪೈಪಿನ ರಿಪೇರಿ ಬರಲಿ, ಮೊದಲ ಪ್ರಶ್ನೆ ಒಂದೇ: ಎಷ್ಟು ಆಂಪಿಯರ್ ಇಡಬೇಕು? ಉತ್ತರ ಮಾತ್ರ ಒಂದಲ್ಲ. ಕರೆಂಟ್ ಜಾಸ್ತಿ ಮಾಡಿದರೆ ಜೋಡಣೆ ಗಟ್ಟಿ ಎಂದು ಒಂದು ಸಂಶೋಧನಾ ಪ್ರಬಂಧ ಹೇಳುತ್ತದೆ. ಕಡಿಮೆ ಮಾಡಿದರೆ ಗಟ್ಟಿ ಎಂದು ಇನ್ನೊಂದು. ಎರಡೂ ಸುಳ್ಳಲ್ಲ, ಗೊಂದಲ ಇರುವುದೇ ಅಲ್ಲಿ.

1791ರಲ್ಲಿ ಗುರುತಿಸಿದ ಈ ಲೋಹ ಶುದ್ಧವಾಗಿ ಕೈಗೆ ಸಿಕ್ಕಿದ್ದು 1910ರಲ್ಲಿ. ವಿಲಿಯಂ ಕ್ರೋಲ್ ಅವರ ವಿಧಾನದಿಂದ 1940ರ ದಶಕದಲ್ಲಿ ಅದರ ತಯಾರಿಕೆ ದೊಡ್ಡದಾಯಿತು. ಗಾಳಿ ತಾಗದಂತೆ ಆರ್ಗಾನ್ ಗ್ಯಾಸಿನ ಮರೆಯಲ್ಲಿ ಬೆಸೆಯುವ, ನಾವು ಆರ್ಗಾನ್ ವೆಲ್ಡಿಂಗ್ ಎನ್ನುವ ಟಿಗ್ ಕೂಡ ಅದೇ ದಶಕದಲ್ಲಿ ಬಂತು. ಶೇ 6 ಅಲ್ಯೂಮಿನಿಯಂ, ಶೇ 4 ವನೇಡಿಯಂ ಸೇರಿದ ಮಿಶ್ರಲೋಹ, ಅಂದರೆ ಇಂದಿನ ಗ್ರೇಡ್ 5, 1950ರ ದಶಕದ್ದು. ನಮಗೆ ಹತ್ತಿರದ ಹೈದರಾಬಾದಿನಲ್ಲಿ ವಿಶೇಷ ಲೋಹಗಳನ್ನು ತಯಾರಿಸುವ ಸರ್ಕಾರಿ ಕಂಪನಿ ಮಿಧಾನಿ 1973ರಲ್ಲಿ ಶುರುವಾಯಿತು. ಕೇರಳದ ಚವರದಲ್ಲಿ ಟೈಟಾನಿಯಂ ಸ್ಪಾಂಜ್ (ಕರಗಿಸುವ ಮುಂಚಿನ, ತೂತು ತೂತಾದ ಕಚ್ಚಾ ಲೋಹ) ಘಟಕ 2011ರಲ್ಲಿ ಬಂತು.

ಎಚ್ಚರಿಕೆಯ ಪಾಠ ಬೇಗನೇ ಸಿಕ್ಕಿತ್ತು. 1960ರ ಆಸುಪಾಸಿನಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿ ಎ-12 ಬೇಹುಗಾರಿಕೆ ವಿಮಾನವನ್ನು ಟೈಟಾನಿಯಂನಲ್ಲಿ ಕಟ್ಟುತ್ತಿತ್ತು. ಬೇಸಿಗೆಯಲ್ಲಿ ಸ್ಪಾಟ್ ವೆಲ್ಡ್ ಮಾಡಿದ ಪ್ಯಾನೆಲ್‌ಗಳು ಬೇಗ ಹಾಳಾಗುತ್ತಿದ್ದವು, ಚಳಿಗಾಲದವು ಬಾಳುತ್ತಿದ್ದವು. ಕಾರಣ ಸಿಕ್ಕಿದ್ದು ಯಂತ್ರದ ಸೆಟ್ಟಿಂಗಿನಲ್ಲಲ್ಲ, ತೊಳೆಯುವ ನೀರಿನಲ್ಲಿ. ಪಾಚಿ ಕಟ್ಟದಿರಲಿ ಎಂದು ಬರ್ಬ್ಯಾಂಕ್ ಊರಿನ ನೀರಿಗೆ ಬೇಸಿಗೆಯಲ್ಲಿ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು. ಆಮೇಲೆ ಡಿಸ್ಟಿಲ್ಡ್ ವಾಟರ್ ಬಳಸತೊಡಗಿದರು.

ಮುಂದಿನ ದಶಕಗಳಲ್ಲಿ ಮಾತೆಲ್ಲ ಶಾಖದ ಲೆಕ್ಕದ ಸುತ್ತ ತಿರುಗಿತು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ, ವೆಲ್ಡಿಂಗ್ ಟಾರ್ಚ್ (ವೆಲ್ಡರ್ ಕೈಯಲ್ಲಿ ಹಿಡಿಯುವ ಉಪಕರಣ) ಸಾಗುವ ವೇಗದಿಂದ ಭಾಗಿಸಬೇಕು. 12 ವೋಲ್ಟ್, 100 ಆಂಪಿಯರ್, ನಿಮಿಷಕ್ಕೆ 150 ಮಿ.ಮೀ. ವೇಗ ಎಂದರೆ ಪ್ರತಿ ಮಿಲಿಮೀಟರಿಗೆ 0.48 ಕಿಲೋಜೂಲ್. ಶಾಖ ಕಡಿಮೆಯಾದರೆ ಬುಡದ ತನಕ ಕರಗುವುದಿಲ್ಲ. ಆಗ ಕರೆಂಟ್ ಏರಿಸಿದಷ್ಟೂ ಜೋಡಣೆ ಗಟ್ಟಿಯಾಗುತ್ತದೆ. ಪೂರ್ತಿ ಕರಗಿದ ಮೇಲೂ ಏರಿಸುತ್ತಾ ಹೋದರೆ ಲೋಹದೊಳಗಿನ ಹರಳುಗಳು ದಪ್ಪವಾಗುತ್ತವೆ, ಮುರಿಯದೆ ತಾಳುವ ಗುಣ ಇಳಿಯುತ್ತದೆ. ಟೈಟಾನಿಯಂನಲ್ಲಿ ಶಾಖ ಬೇಗ ಹರಿದು ಹೋಗುವುದೂ ಇಲ್ಲ. ಇನ್ನು ಗ್ರೇಡ್ 5 ತುಂಬಾ ಬೇಗ ತಣಿದರೆ ಒಳಗೆ ಸೂಜಿಯಂಥ ರಚನೆ ಮೂಡಿ, ಗಡಸಾಗಿ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಎರಡು ಪ್ರಬಂಧಗಳು ಎದುರುಬದುರಾಗಿ ಹೇಳುವುದು ಇದಕ್ಕೇ. ಅವು ಶುರು ಮಾಡಿದ ಜಾಗವೇ ಬೇರೆ.

ನಂತರ ಬಂದದ್ದು ಕೆಲವೇ ಪ್ರಯೋಗಗಳಲ್ಲಿ ಒಳ್ಳೆಯ ಸೆಟ್ಟಿಂಗ್ ಹುಡುಕುವ ಟಾಗುಚಿ ವಿಧಾನದ ಕಾಲ. ಕರೆಂಟ್, ವೇಗ, ಗ್ಯಾಸ್ ಮೂರಕ್ಕೂ ಮೂರು ಮೂರು ಮಟ್ಟ ಇಟ್ಟು, ಒಂಬತ್ತು ತುಂಡು ವೆಲ್ಡ್ ಮಾಡಿ, ಎಳೆದು ನೋಡಿ, ಅತಿ ಗಟ್ಟಿಯಾದದ್ದನ್ನು ಆರಿಸುವುದು. ಕಡಿಮೆ ಖರ್ಚಿನಲ್ಲಿ ಮುಗಿಯುವ ಒಳ್ಳೆಯ ವಿಧಾನ. ಆದರೆ ಎಳೆದು ನೋಡುವ ಪರೀಕ್ಷೆಯೊಂದನ್ನೇ ನಂಬಿದರೆ ಟೈಟಾನಿಯಂ ಮೋಸ ಮಾಡುತ್ತದೆ. ಇದಕ್ಕೆ ಆಮ್ಲಜನಕ ಸೇರಿದಷ್ಟೂ ಗಟ್ಟಿತನ ಏರುತ್ತದೆ. ಬೇರೆ ಲೋಹ ಬೆರೆಸದ ಟೈಟಾನಿಯಂನಲ್ಲಿ, ಗ್ರೇಡ್ 1ಕ್ಕೆ ಆಮ್ಲಜನಕದ ಮಿತಿ ಶೇ 0.18, ಕನಿಷ್ಠ ಕರ್ಷಣ ಬಲ (ಎಳೆತ ತಾಳುವ ಶಕ್ತಿ) 240 ಮೆಗಾಪಾಸ್ಕಲ್. ಗ್ರೇಡ್ 4ರಲ್ಲಿ ಶೇ 0.40 ಮತ್ತು 550. ಅಂದರೆ ಗಾಳಿ ತಾಗಿ ಕೆಟ್ಟ ಬೆಸುಗೆಯೂ ಪಟ್ಟಿಯಲ್ಲಿ ಮೇಲಕ್ಕೆ ಬರಬಹುದು. ಬಗ್ಗಿಸಿದಾಗ ಬಿರುಕು ಬಿಡುವುದು ಅದೇ ತುಂಡು. ಬೆಂಡ್ ಟೆಸ್ಟ್ ಇಲ್ಲದ ಫಲಿತಾಂಶವನ್ನು ಪೂರ್ತಿ ಫಲಿತಾಂಶ ಎಂದು ಹೇಗೆ ಒಪ್ಪುವುದು?

ನಮ್ಮ ಭಾಗದಲ್ಲಿ ಇದು ಇನ್ನೂ ಮುಖ್ಯ. ಇಲ್ಲಿನ ವೆಲ್ಡರ್‌ಗಳ ಕೈ ಪಳಗಿದ್ದು ಉಕ್ಕಿನ ಮೇಲೆ: ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಕೆಲಸ, ಟ್ಯಾಂಕು, ಶೆಡ್ಡು. ಉಕ್ಕಿನಲ್ಲಿ ಟಾರ್ಚ್ ಮುಂದೆ ಹೋದರೆ ಹಿಂದಿನ ಬೀಡ್ (ಬೆಸುಗೆಯ ಗೆರೆ) ಬಗ್ಗೆ ಅಷ್ಟು ಚಿಂತೆ ಇಲ್ಲ. ಟೈಟಾನಿಯಂ ಬೀಡ್ ಸುಮಾರು 400 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಆರ್ಗಾನ್ ಒಳಗೇ ಇರಬೇಕು. ಅದಕ್ಕೇ ಟಾರ್ಚ್ ಹಿಂದೆ ಬಿಸಿ ಬೀಡಿನ ಮೇಲೆ ಆರ್ಗಾನ್ ಹಾಯಿಸುವ ಟ್ರೇಲಿಂಗ್ ಶೀಲ್ಡ್ ಬೇಕು, ಪೈಪಿನ ಒಳಗೆ ಪರ್ಜಿಂಗ್ (ಗಾಳಿ ಹೊರಹಾಕಿ ಆರ್ಗಾನ್ ತುಂಬುವುದು) ಬೇಕು. ಗ್ಯಾಸ್ ಸುಮ್ನೆ ಜಾಸ್ತಿ ಬಿಟ್ಟರೂ ಆಗದು, ರಭಸ ಹೆಚ್ಚಾದರೆ ಅದೇ ಗಾಳಿಯನ್ನು ಒಳಗೆ ಎಳೆಯುತ್ತದೆ. ಇನ್ನು ಫ್ಯಾನ್. ಮೇ ತಿಂಗಳ ಕಲಬುರಗಿಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಫ್ಯಾನ್ ಆರಿಸಿ ಕೆಲಸ ಮಾಡು ಎನ್ನುವುದು ಸಣ್ಣ ಮಾತಲ್ಲ. ಆದರೆ ಅದೇ ಫ್ಯಾನ್ ಆರ್ಗಾನನ್ನು ಹಾರಿಸಿಬಿಡುತ್ತದೆ. ಕೆಲಸಗಾರನಿಗೆ ತಂಪು, ಬೆಸುಗೆಗೆ ಮರೆ, ಎರಡೂ ಸಿಗುವ ಜಾಗ ಮಾಡಿಕೊಡದೆ ಆಂಪಿಯರ್ ಪಟ್ಟಿ ಕೊಟ್ಟರೆ ಏನು ಉಪಯೋಗ?

ಗ್ಯಾಸ್ ತಪ್ಪಿದ್ದು ಬಣ್ಣದಲ್ಲಿ ಕಾಣುತ್ತದೆ. ಬೆಳ್ಳಿ ಬಣ್ಣ ಇದ್ದರೆ ಒಳ್ಳೆಯದು, ತೆಳು ಹುಲ್ಲಿನ ಬಣ್ಣವನ್ನೂ ಸಾಮಾನ್ಯವಾಗಿ ಒಪ್ಪುತ್ತಾರೆ. ನೀಲಿ ಬಂದರೆ ಅನುಮಾನ, ಬೂದು ಅಥವಾ ಬಿಳಿ ಪುಡಿ ಕಂಡರೆ ತಿರಸ್ಕಾರ. ವೈರ್ ಬ್ರಷ್ ಹಾಕಿ ಉಜ್ಜಿದರೆ ಬಣ್ಣ ಹೋಗುತ್ತದೆ, ಒಳಗೆ ಇಳಿದ ಆಮ್ಲಜನಕ ಹೋಗುವುದಿಲ್ಲ. ಬೂದು ಬಣ್ಣಕ್ಕೆ ತಿರುಗಿದ ಬೀಡನ್ನು ಕತ್ತರಿಸಿ ತೆಗೆದು, ಅಂಚನ್ನು ಅಸಿಟೋನಿನಿಂದ ಒರೆಸಿ, ಹೊಸದಾಗಿ ವೆಲ್ಡ್ ಮಾಡಬೇಕು.