ವಾಕ್ ಸೈಕಲ್ ತಿದ್ದುವಾಗ ಮೊದಲು ನೋಡಬೇಕಾದದ್ದು ಸೊಂಟ

ಅನಿಮೇಷನ್‌ನಲ್ಲಿ ಎರಡು ಹೆಜ್ಜೆಗಳ ನಡಿಗೆಯನ್ನು ಮತ್ತೆ ಮತ್ತೆ ಓಡಿಸುವುದೇ ವಾಕ್ ಸೈಕಲ್. ಅದರಲ್ಲಿ ಪಾತ್ರ ನಡೆಯುತ್ತಿದೆ, ಆದರೆ ನೆಲದ ಮೇಲೆ ತೇಲಿದಂತೆ ಕಾಣುತ್ತಿದೆ ಎಂದಾಗ ನಾವು ಬಹುತೇಕ ಕಾಲಿನ ಕೀಗಳನ್ನೋ (ಮುಖ್ಯ ಭಂಗಿಗಳನ್ನು ಗುರುತಿಸಿಟ್ಟ ಫ್ರೇಮ್‌ಗಳು) ಕೈಬೀಸನ್ನೋ ತಿದ್ದಲು ತೊಡಗುತ್ತೇವೆ. ಆದರೆ ಭಾರದ ಅನುಭವ ಹುಟ್ಟುವುದು ಸೊಂಟದ ಏರಿಳಿತದಿಂದ. ಆದ್ದರಿಂದ ತಿದ್ದುಪಡಿಯೂ ಅಲ್ಲಿಂದಲೇ ಆರಂಭವಾಗಬೇಕು.

ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ, ಒಂದು ಹೆಜ್ಜೆಗೆ 12 ಫ್ರೇಮ್ ಹಿಡಿದರೆ, 1ನೇ ಫ್ರೇಮಿನಲ್ಲಿ ಹಿಮ್ಮಡಿ ನೆಲ ಮುಟ್ಟುವ ಕಾಂಟ್ಯಾಕ್ಟ್, 4ರಲ್ಲಿ ಮೊಣಕಾಲು ಬಾಗಿ ಮೈ ಕೆಳಗಿಳಿಯುವ ಡೌನ್, 7ರಲ್ಲಿ ಒಂದು ಕಾಲು ಇನ್ನೊಂದನ್ನು ದಾಟುವ ಪಾಸಿಂಗ್, 10ರಲ್ಲಿ ಮೈ ಮೇಲೇಳುವ ಅಪ್, 13ರಲ್ಲಿ ಇನ್ನೊಂದು ಕಾಲಿನ ಕಾಂಟ್ಯಾಕ್ಟ್ ಬರುತ್ತವೆ. 25ನೆಯದು 1ರ ಪ್ರತಿಯಾಗಿರುವುದರಿಂದ 1ರಿಂದ 24ರವರೆಗೆ ಮಾತ್ರ ಓಡಿಸಬೇಕು, ಇಲ್ಲವಾದರೆ ಪ್ರತಿ ಸುತ್ತಿಗೂ ಒಂದು ಸಣ್ಣ ತಡೆ ಕಾಣಿಸುತ್ತದೆ. ಈ ಕ್ರಮದಲ್ಲಿ ಸೊಂಟ ಡೌನ್‌ನಲ್ಲಿ ಅತಿ ಕೆಳಗೆ, ಅಪ್‌ನಲ್ಲಿ ಅತಿ ಮೇಲೆ ಇರುತ್ತದೆ. ಒಂದು ಪೂರ್ಣ ಸೈಕಲ್‌ನಲ್ಲಿ ಅದು ಎರಡು ಸಲ ಏರಿಳಿಯುತ್ತದೆ, ಆದರೆ ಎಡಬಲದ ವಾಲಾಟವನ್ನು ಒಂದೇ ಸಲ ಮುಗಿಸುತ್ತದೆ. ಚಲನೆಯನ್ನು ಗೆರೆಗಳಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಈ ಎರಡರ ಗೆರೆಗಳನ್ನು ಒಟ್ಟಿಗೆ ತೆರೆದು ನೋಡಿದರೆ ಎಷ್ಟೋ ದೋಷಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಇದನ್ನು ಕಣ್ಣಾರೆ ಕಲಿಯಲು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜ್‌ಗಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ. ತೊಗರಿಯ ಹಂಗಾಮಿನಲ್ಲಿ ಚೀಲವನ್ನು ಬೆನ್ನಿನ ಮೇಲೆ ಹೊತ್ತು ನಡೆಯುವ ಹಮಾಲರನ್ನು ಗಮನಿಸಿ. ಮೊಣಕಾಲು ಪೂರ್ತಿ ನೆಟ್ಟಗಾಗುವುದೇ ಇಲ್ಲ, ಹೆಜ್ಜೆ ಗಿಡ್ಡದು, ಪಾದಗಳ ನಡುವಿನ ಅಂತರ ಅಗಲ, ಮುಂಡ ಮುಂದಕ್ಕೆ ಬಾಗಿರುತ್ತದೆ. ಸೊಂಟ ಮೇಲೇಳುವುದು ತೀರಾ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪಾದ ನೆಲ ಬಿಡುವ ಮುನ್ನವೇ ಮೈಭಾರ ಇನ್ನೊಂದು ಪಾದದ ಕಡೆಗೆ ಸರಿಯತೊಡಗುತ್ತದೆ. ಎರಡೂ ಕೈಗಳು ಚೀಲದ ತುದಿ ಹಿಡಿದಿರುವುದರಿಂದ ಕೈಬೀಸು ಎಂಬುದೇ ಇರುವುದಿಲ್ಲ. ಅಭ್ಯಾಸಕ್ಕೆ ಈ ನಡಿಗೆಯನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ: ಸೊಂಟದ ತಪ್ಪನ್ನು ಮರೆಮಾಡಲು ಇಲ್ಲಿ ಬೀಸುವ ಕೈಗಳ ನೆರವು ಸಿಗುವುದಿಲ್ಲ.

ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಒಮ್ಮೆ ಪಕ್ಕದಿಂದ, ಒಮ್ಮೆ ಎದುರಿನಿಂದ ಚಿತ್ರೀಕರಿಸಿಕೊಳ್ಳಬೇಕು. ವಾಲಾಟ ಎದುರಿನಿಂದಲೇ ಸ್ಪಷ್ಟವಾಗಿ ಕಾಣುವುದು. ಫೋನು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತಿದ್ದರೆ ಅಲ್ಲಿನ 15 ಫ್ರೇಮ್ ನಮ್ಮ 12ಕ್ಕೆ ಸಮ ಎಂಬ ಲೆಕ್ಕ ನೆನಪಿರಲಿ.

ಸೊಂಟ ಸರಿಹೋದ ಮೇಲೆ ಪಾದಕ್ಕೆ ಬರೋಣ. ಪಾತ್ರ ನಿಂತಲ್ಲೇ ನಡೆಯುವ ಸೈಕಲ್‌ನಲ್ಲಿ, ನೆಲಕ್ಕೆ ಊರಿದ ಪಾದ ಪ್ರತಿ ಫ್ರೇಮಿಗೂ ಸಮ ಅಂತರದಷ್ಟೇ ಹಿಂದೆ ಸರಿಯಬೇಕು. ಸಾಫ್ಟ್‌ವೇರ್ ಕೀಗಳ ನಡುವೆ ತಾನಾಗಿ ಬಾಗಿದ ಗೆರೆ ಎಳೆದರೆ ಪಾದದ ವೇಗ ಏರುಪೇರಾಗಿ, ಪಾತ್ರವನ್ನು ಮುಂದೆ ಸಾಗಿಸಿದಾಗ ಪಾದ ಜಾರುತ್ತದೆ. ಪಾದ ಊರಿರುವಷ್ಟು ಹೊತ್ತು ಆ ಗೆರೆಯನ್ನು ನೇರಗೊಳಿಸುವುದೇ ಇದಕ್ಕೆ ಪರಿಹಾರ. ಮೊಣಕಾಲು ಒಮ್ಮೆಲೇ ಸೆಟೆದು ಜಿಗಿದಂತೆ ಕಂಡರೆ, ಕಾಲು ತನ್ನ ಪೂರ್ಣ ಉದ್ದಕ್ಕೆ ಚಾಚುತ್ತಿದೆ ಎಂದರ್ಥ. ಆ ಫ್ರೇಮ್‌ಗಳಲ್ಲಿ ಸೊಂಟವನ್ನು ತುಸು ಇಳಿಸಿದರೆ ಅಥವಾ ಹಿಮ್ಮಡಿಯನ್ನು ಬೇಗ ಎತ್ತಿದರೆ ಸಾಕು.

ಇನ್ನು ಚೀಲದ ಮಾತು. ಅದನ್ನು ಬೆನ್ನಿಗೆ ಅಂಟಿಸಿಬಿಟ್ಟರೆ ಒಳಗೆ ಕಾಳು ತುಂಬಿದೆ ಎಂದು ಯಾರೂ ನಂಬುವುದಿಲ್ಲ. ಚೀಲದ ಏರಿಳಿತವನ್ನು ಸೊಂಟಕ್ಕಿಂತ 2 ಫ್ರೇಮ್ ತಡವಾಗಿ ಇಡಬೇಕು. ಸೊಂಟ 4ನೇ ಫ್ರೇಮಿನಲ್ಲಿ ತಳ ಮುಟ್ಟಿದರೆ ಚೀಲ 6ರಲ್ಲಿ ಕುಸಿದು ತುಸು ಅಗಲವಾಗಲಿ, ಆಮೇಲೆ ಸೊಂಟದ ಹಿಂದೆಯೇ ನಿಧಾನವಾಗಿ ಮೇಲೇಳಲಿ.