ತಕರಾರು ಇರುವುದು ತುದಿಯಲ್ಲಿ

ಆಂಪ್ಲಿಫೈಯರ್ ಆನ್ ಮಾಡಿದರೆ ಎರಡು ಸೆಕೆಂಡ್ ಹಾಡಿ ಸುಮ್ಮನಾಗಿಬಿಡುತ್ತದೆ ಎಂದು ಒಬ್ಬರು ಫೋನ್ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಅದನ್ನು ರಿಪೇರಿಗೆ ಕಳಿಸಲು ರಟ್ಟಿನ ಡಬ್ಬವನ್ನೂ ಹುಡುಕಿ ಇಟ್ಟಿದ್ದರು. "ಬೋರ್ಡೇ ಹೋಗಿದೆ ಅನಿಸುತ್ತೆ ಸಾರ್" ಎಂದರು. ನಾನು ಸ್ಕ್ರೂ ಡ್ರೈವರ್ ತೆಗೆಯಲೇ ಇಲ್ಲ. ಆಂಪ್‌ನ ಹಿಂಬದಿಗೆ ಟಾರ್ಚ್ ಹಿಡಿದೆ. ಕೆಂಪು ಟರ್ಮಿನಲ್‌ನಿಂದ ಸ್ಪೀಕರ್ ವೈರಿನ ತಾಮ್ರದ ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡು ಪಕ್ಕದ ಕಪ್ಪು ಟರ್ಮಿನಲ್‌ನ ಲೋಹವನ್ನು ಮುಟ್ಟುತ್ತಿತ್ತು. ತಲೆಗೂದಲಿಗಿಂತ ತುಸು ದಪ್ಪ, ಅಷ್ಟೇ. ಆಂಪ್‌ನ ಪ್ಲಗ್ ಕಿತ್ತು, ವೈರ್ ಹೊರಗೆಳೆದು, ಎಳೆಗಳನ್ನೆಲ್ಲ ಸೇರಿಸಿ ಹೊಸೆದು, ಮತ್ತೆ ಕೂರಿಸಿ ಬಿಗಿ ಮಾಡಿದೆ. ಹಾಡು ಬಂತು. ಅವರ ಮುಖದಲ್ಲಿ ಖುಷಿಗಿಂತ ಸಂಕೋಚವೇ ಜಾಸ್ತಿ ಇತ್ತು.

ಸಂಕೋಚ ಪಡುವಂಥದ್ದೇನೂ ಇಲ್ಲ. ಆ ಆಂಪ್‌ನಲ್ಲಿ ಪ್ರೊಟೆಕ್ಷನ್ ಸರ್ಕ್ಯೂಟ್ ಇತ್ತು, ಶಾರ್ಟ್ ಆದ ಕೂಡಲೇ ಅದು ತನ್ನನ್ನು ತಾನು ಉಳಿಸಿಕೊಂಡಿತು. ಹಳೆಯ ಆಂಪ್ ಆಗಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಸುಟ್ಟುಹೋಗುವ ಸಾಧ್ಯತೆ ಇತ್ತು. "ಸಿಸ್ಟಮ್ ಕೆಟ್ಟಿದೆ" ಎಂದು ಕರೆ ಬಂದಾಗ ಎಷ್ಟೋ ಸಲ ಕೆಟ್ಟಿರುವುದು ವೈರಿನ ತುದಿ. ನಡುವಿನ ಹತ್ತು ಮೀಟರ್ ವೈರ್ ಪಾಪ ಏನೂ ತಪ್ಪು ಮಾಡಿರುವುದಿಲ್ಲ. ಆದರೆ ಜನ ತಲೆ ಕೆಡಿಸಿಕೊಳ್ಳುವುದೆಲ್ಲ ಆ ನಡುವಿನ ವೈರಿನ ಬಗ್ಗೆಯೇ. ಯಾವ ಬ್ರ್ಯಾಂಡ್, ಎಷ್ಟು ಶುದ್ಧ ತಾಮ್ರ, ಮೇಲಿನ ಹೆಣಿಗೆ ಯಾವ ಬಣ್ಣ, ಹೀಗೆ.

ಹಾಗಾಗಿ ವೈರಿನ ವಿಚಾರ ಮೊದಲೇ ಮುಗಿಸಿಬಿಡೋಣ. ಲೆಕ್ಕಕ್ಕೆ ಬರುವುದು ದಪ್ಪ ಮತ್ತು ಉದ್ದ. ದಪ್ಪವನ್ನು ಗೇಜ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ. 18 ಗೇಜ್ ಎಂದರೆ ಸುಮಾರು 0.8 ಸ್ಕ್ವೇರ್ ಎಂಎಂ, 16 ಎಂದರೆ 1.3, 14 ಎಂದರೆ 2.1, 12 ಎಂದರೆ 3.3. ಕರೆಂಟ್ ಸ್ಪೀಕರ್‌ಗೆ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 10 ಮೀಟರ್ ದೂರಕ್ಕೆ 20 ಮೀಟರ್ ತಾಮ್ರ ಎಂದು ಲೆಕ್ಕ ಹಿಡಿಯಬೇಕು. ಅಷ್ಟು ಉದ್ದಕ್ಕೆ 18 ಗೇಜ್ ವೈರಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 0.42 ಓಮ್. 16 ಗೇಜಿನಲ್ಲಿ 0.26, 14ರಲ್ಲಿ 0.17. ಈ ರೆಸಿಸ್ಟೆನ್ಸ್ ಸ್ಪೀಕರ್‌ನ ಓಮ್‌ಗೆ ಹೋಲಿಸಿದರೆ ನೂರಕ್ಕೆ ಐದರೊಳಗೆ ಇರಲಿ ಎನ್ನುವುದು ನಮ್ಮ ಕಸುಬಿನ ರೂಢಿ. 8 ಓಮ್ ಸ್ಪೀಕರ್‌ಗೆ 0.4, 4 ಓಮ್ ಸ್ಪೀಕರ್‌ಗೆ 0.2. ಅಲ್ಲಿಗೆ 10 ಮೀಟರ್ ದೂರದ 4 ಓಮ್ ಸ್ಪೀಕರ್‌ಗೆ 14 ಗೇಜ್ ಬೇಕೇ ಬೇಕು. ಪಕ್ಕದಲ್ಲೇ ಎರಡು ಮೀಟರ್ ದೂರದಲ್ಲಿದ್ದರೆ 18 ಕೂಡ ನಡೆಯುತ್ತದೆ.

"ಸ್ವಲ್ಪ ತೆಳು ವೈರ್ ಹಾಕಿದರೆ ಏನಾಗುತ್ತೆ, ವಾಲ್ಯೂಮ್ ಒಂಚೂರು ಏರಿಸಿದರಾಯ್ತಲ್ಲ" ಎಂದು ಕೇಳುವವರಿದ್ದಾರೆ. ವಾಲ್ಯೂಮ್ ಮಾತ್ರ ಕಡಿಮೆಯಾಗುವುದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸ್ಪೀಕರ್ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ 5 ಓಮ್‌ಗೆ ಇಳಿದರೆ ಇನ್ನೊಂದು ಕಡೆ 20ಕ್ಕೆ ಏರಿರುತ್ತದೆ. ವೈರ್ ತೆಳುವಾದರೆ 5 ಓಮ್ ಇರುವ ಕಡೆ ಜಾಸ್ತಿ ಸೋರುತ್ತದೆ, 20 ಇರುವ ಕಡೆ ಕಡಿಮೆ. ಆಗ ಹಾಡಿನ ತೂಕವೇ ಏರುಪೇರಾಗುತ್ತದೆ.

ಇನ್ನೊಂದು ಎಚ್ಚರ. ತಾಮ್ರದ ಹಾಗೆ ಕಂಡಿದ್ದೆಲ್ಲ ತಾಮ್ರ ಅಲ್ಲ. ಒಳಗೆ ಅಲ್ಯೂಮಿನಿಯಂ ಇಟ್ಟು ಮೇಲೆ ತೆಳ್ಳಗೆ ತಾಮ್ರ ಹೊದಿಸಿದ ವೈರ್ ಬರುತ್ತದೆ. ಲೇಬಲ್ ಮೇಲೆ ಸಿಸಿಎ ಎಂಬ ಮೂರು ಅಕ್ಷರ ಎಲ್ಲೋ ಮೂಲೆಯಲ್ಲಿರುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಇದರ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು. ಸುರುಳಿ ಕೈಗೆತ್ತಿಕೊಂಡರೆ ಹಗುರ ಅನಿಸುತ್ತದೆ. ಅನುಮಾನ ಬಂದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದೇ. ಇದಕ್ಕೆ ಉಲ್ಟಾ, ಹೊರಗೆ ಬೆಳ್ಳಗಿದ್ದು ಕೆರೆದರೆ ಕೆಂಪಗೆ ಕಂಡರೆ ಅದು ತವರ ಲೇಪಿಸಿದ ಅಪ್ಪಟ ತಾಮ್ರ, ಧೈರ್ಯವಾಗಿ ಹಾಕಿ. ಸಿಸಿಎ ವೈರ್ ಹಾಕಲೇಬಾರದು ಎಂದೇನೂ ಇಲ್ಲ, ಎರಡು ಗೇಜ್ ದಪ್ಪ ತಗೊಂಡರೆ ರೆಸಿಸ್ಟೆನ್ಸ್ ಸರಿಹೋಗುತ್ತದೆ. ಆದರೆ ಅದರ ಎಳೆಗಳು ಎರಡು ಮೂರು ಸಲ ಬಗ್ಗಿಸಿದರೆ ಪಟ್ ಎಂದು ಮುರಿಯುತ್ತವೆ. ಮುರಿಯುವುದು ಎಲ್ಲಿ ಹೇಳಿ? ಮತ್ತೆ ಅದೇ ತುದಿಯಲ್ಲಿ.

ಸರಿ, ಈಗ ತುದಿಗೆ ಬರೋಣ. ಸಿಪ್ಪೆ ಸುಲಿಯುವುದು ಎಲ್ಲರೂ ಮಾಡುವ ಕೆಲಸ, ಹಾಗಾಗಿಯೇ ಯಾರೂ ಗಮನ ಕೊಡುವುದಿಲ್ಲ. ಹಲ್ಲಿನಿಂದ ಕಚ್ಚಿ ಎಳೆಯುವವರಿದ್ದಾರೆ. ಅಡುಗೆಮನೆಯ ಚಾಕು ತರುವವರೂ ಇದ್ದಾರೆ. ಚಾಕು ಸಿಪ್ಪೆಯ ಜೊತೆ ನಾಲ್ಕು ಎಳೆಯನ್ನೂ ಕತ್ತರಿಸುತ್ತದೆ, ಇನ್ನಾರು ಎಳೆಗೆ ಗಾಯ ಮಾಡುತ್ತದೆ. ಗಾಯ ಆದ ಎಳೆ ಇವತ್ತು ಉಳಿದರೂ ಸ್ಪೀಕರ್ ಸರಿಸಿದ ದಿನ ಹೋಗುತ್ತದೆ. ಒಂದು ವೈರ್ ಸ್ಟ್ರಿಪ್ಪರ್ ಇಟ್ಟುಕೊಳ್ಳಿ. ವೈರಿನ ಗೇಜಿಗೆ ಹೊಂದುವ ತೂತಿನಲ್ಲೇ ಇಟ್ಟು ಒತ್ತಿ, ಎಳೆಯಿರಿ. ಕತ್ತರಿಸಿದ ಸಿಪ್ಪೆಯೊಳಗೆ ಒಮ್ಮೆ ಇಣುಕಿ ನೋಡುವುದು ನನ್ನ ಅಭ್ಯಾಸ. ಅದರಲ್ಲಿ ತಾಮ್ರದ ಚೂರು ಉಳಿದಿದ್ದರೆ ಎಳೆ ಕತ್ತರಿಸಿದೆ ಎಂದೇ ಅರ್ಥ. ತುದಿ ಕತ್ತರಿಸಿ ಹೊಸದಾಗಿ ಸುಲಿಯುತ್ತೇನೆ.

ಎಷ್ಟು ಸುಲಿಯಬೇಕು? 10ರಿಂದ 12 ಮಿಲಿಮೀಟರ್ ಸಾಕು. ಟರ್ಮಿನಲ್ ಬಿಗಿ ಮಾಡಿದ ಮೇಲೆ ಬರಿ ತಾಮ್ರ ಹೊರಗೆ ಕಾಣಬಾರದು, ಸಿಪ್ಪೆಯೂ ಒಳಗೆ ಸಿಕ್ಕಿಹಾಕಿಕೊಳ್ಳಬಾರದು. ಸುಲಿದ ಎಳೆಗಳನ್ನು ದೀಪದ ಬತ್ತಿ ಹೊಸೆದ ಹಾಗೆ ಒಂದೇ ದಿಕ್ಕಿಗೆ ಬಿಗಿಯಾಗಿ ಹೊಸೆಯಿರಿ. ಮೊದಲು ಕೈ ಒರೆಸಿಕೊಳ್ಳಿ, ಬೆವರಿನ ಉಪ್ಪು ತಾಮ್ರಕ್ಕೆ ಒಳ್ಳೆಯದಲ್ಲ. ಟರ್ಮಿನಲ್‌ನಲ್ಲಿ ತೂತು ಇದ್ದರೆ ನೇರ ತೂರಿಸಿ. ಕಂಬಕ್ಕೆ ಸುತ್ತುವ ಬಗೆಯದ್ದಾದರೆ ಪ್ರದಕ್ಷಿಣೆ ದಿಕ್ಕಿಗೇ ಸುತ್ತಿ. ತಿರುಪು ಬಿಗಿಯಾಗುವುದೂ ಅದೇ ದಿಕ್ಕಿಗೆ, ಹಾಗಾಗಿ ಬಿಗಿ ಮಾಡಿದಷ್ಟೂ ವೈರ್ ಒಳಗೇ ಹೋಗುತ್ತದೆ. ಉಲ್ಟಾ ಸುತ್ತಿದರೆ ತಿರುಪು ಅದನ್ನು ಹೊರಗೆ ತಳ್ಳುತ್ತದೆ. ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಇಕ್ಕಳ ಹಿಡಿದು ತಿರುಗಿಸಿ ಟರ್ಮಿನಲ್ಲನ್ನೇ ಬುಡಸಮೇತ ತಿರುಗಿಸಿದವರನ್ನು ನೋಡಿದ್ದೇನೆ. ಆಗ ಒಳಗಿನ ವೈರ್ ಕಿತ್ತು ಬರುತ್ತದೆ.

ಹೊಸೆದ ತುದಿಗೆ ಬೆಸುಗೆ ಹಾಕಿದರೆ ಎಳೆ ಚದುರುವುದಿಲ್ಲ ಎಂದು ಹಲವರು ಸೋಲ್ಡರ್ ಮಾಡುತ್ತಾರೆ. ಕಲಿಯುವ ದಿನಗಳಲ್ಲಿ ನಾನೂ ಮಾಡಿದ್ದೇನೆ, ನೋಡಲು ಚಂದ. ಆದರೆ ಸೋಲ್ಡರ್ ಮೆತ್ತನೆಯ ಲೋಹ. ತಿರುಪಿನ ಒತ್ತಡಕ್ಕೆ ಅದು ದಿನೇ ದಿನೇ ಹರಡಿಕೊಳ್ಳುತ್ತಾ ಹೋಗುತ್ತದೆ. ಕೆಲವು ತಿಂಗಳು ಬಿಟ್ಟು ಮುಟ್ಟಿ ನೋಡಿದರೆ ತಿರುಪು ಸಡಿಲ. ಬರಿ ತಾಮ್ರವನ್ನೇ ಬಿಗಿ ಮಾಡಿ, ಇಲ್ಲವೇ ವೈರಿನ ತುದಿಗೆ ಬನಾನಾ ಪ್ಲಗ್ (ಟರ್ಮಿನಲ್ ತೂತಿಗೆ ಚುಚ್ಚುವ ಲೋಹದ ಕಡ್ಡಿ) ಹಾಕಿ. ಈ ಪ್ಲಗ್‌ಗಳು 4 ಮಿಲಿಮೀಟರ್ ದಪ್ಪದವು, ಹೆಚ್ಚಿನ ಟರ್ಮಿನಲ್‌ಗಳಿಗೆ ಕೂರುತ್ತವೆ. ಇದರಿಂದ ಶಬ್ದ ಸುಧಾರಿಸುವುದಿಲ್ಲ, ಕೆಲಸ ಸುಧಾರಿಸುತ್ತದೆ. ಆಂಪ್ ಹಿಂದೆ ಕೈ ಹೋಗದ ಜಾಗದಲ್ಲಿ ಎಳೆ ಚದುರುವ ಭಯವಿಲ್ಲದೆ ಹಾಕಿ ತೆಗೆಯಬಹುದು. ಯುರೋಪಿಗೆಂದು ತಯಾರಾದ ಆಂಪ್‌ಗಳಲ್ಲಿ ಟರ್ಮಿನಲ್‌ನ ತೂತಿಗೆ ಚಿಕ್ಕ ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ಅಲ್ಲಿಯ ಮನೆಗಳ ಕರೆಂಟ್ ಸಾಕೆಟ್ಟಿಗೂ ಈ ಪ್ಲಗ್ ಕೂತುಬಿಡುತ್ತದೆ ಎಂಬ ಭಯಕ್ಕೆ ಮಾಡಿದ ವ್ಯವಸ್ಥೆ ಅದು.

ಇನ್ನು ಕೆಂಪು ಕಪ್ಪಿನ ವಿಷಯ. ಎರಡೂ ಸ್ಪೀಕರ್ ಉಲ್ಟಾ ಕೂಡಿಸಿದರೆ ಯಾರಿಗೂ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಸರಿ, ಇನ್ನೊಂದು ಉಲ್ಟಾ ಆದಾಗ ತಾಪತ್ರಯ. ಒಂದರ ಕೋನ್ (ಅದುರಿ ಶಬ್ದ ಹೊರಡಿಸುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಕೆಳಸ್ವರಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ಬೇಸ್ ಮಾಯ. ನಡುವೆ ನಿಂತು ಹಾಡಬೇಕಾದ ಗಾಯಕ ಎಲ್ಲಿದ್ದಾನೆ ಎಂದೇ ತಿಳಿಯುವುದಿಲ್ಲ. ಹೊಸ ಸ್ಪೀಕರ್ ತಂದು "ಹಳೆಯದೇ ಚೆನ್ನಾಗಿತ್ತು" ಎಂದು ಬೇಜಾರು ಮಾಡಿಕೊಂಡವರ ಮನೆಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ವೈರ್ ಎರಡೂ ಒಂದೇ ಬಣ್ಣದ್ದಾಗಿದ್ದರೆ ಹತ್ತಿರದಿಂದ ನೋಡಿ, ಬೆರಳಾಡಿಸಿ. ಒಂದರ ಮೇಲೆ ಗೆರೆ, ಅಕ್ಷರ ಅಥವಾ ಉಬ್ಬು ಏಣು ಇರುತ್ತದೆ. ಗೆರೆ ಇರುವುದು ಪ್ಲಸ್ಸೋ ಮೈನಸ್ಸೋ ಎಂದು ವಾದ ಬೇಡ. ಒಂದನ್ನು ನಿಶ್ಚಯಿಸಿ, ಎಲ್ಲ ಕಡೆ ಅದನ್ನೇ ಪಾಲಿಸಿ.

ಗೋಡೆಯೊಳಗೆ ಹೋಗಿ ಇನ್ನೆಲ್ಲೋ ಹೊರಬರುವ ವೈರಿಗೆ ಒಂದು ಹಳೆಯ ಉಪಾಯ ಇದೆ. ಆಂಪ್ ಕಡೆ ವೈರನ್ನು ಪೂರ್ತಿ ಬಿಡಿಸಿ. ಆ ಬಿಡಿಸಿದ ತುದಿಗಳಿಗೆ 1.5 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಕ್ಷಣ ಮಾತ್ರ ತಾಗಿಸಿ. ಇನ್ನೊಬ್ಬರು ವೂಫರ್ (ಕೆಳಸ್ವರದ ದೊಡ್ಡ ಕೋನ್) ನೋಡುತ್ತಿರಲಿ. ಬ್ಯಾಟರಿಯ ಪ್ಲಸ್ ಸ್ಪೀಕರ್‌ನ ಕೆಂಪಿಗೆ ಹೋಗಿದ್ದರೆ ಕೋನ್ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಕೆಲವು ಹಳೆಯ ಸ್ಪೀಕರ್‌ಗಳಲ್ಲಿ ಇದು ತಿರುಗಾಮುರುಗಾ. ಜೋಡಿ ಒಂದೇ ಬಗೆಯದ್ದಾಗಿದ್ದರೆ ಎರಡೂ ಒಂದೇ ಕಡೆ ಕದಲಿದರಾಯಿತು. ಮೇಲ್ಸ್ವರ ಹಾಡುವ ಚಿಕ್ಕ ಟ್ವೀಟರ್ ಬಿಡಿಯಾಗಿದ್ದರೆ ಅದಕ್ಕೆ ಮಾತ್ರ ಈ ಪ್ರಯೋಗ ಬೇಡ.

ಕೂಡಿಸುವಾಗ ಆಂಪ್ ಆಫ್ ಮಾಡಿ ಪ್ಲಗ್ ಕಿತ್ತಿರಬೇಕು. ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವುದು) ಇದ್ದವರಿಗೆ ಇನ್ನೊಂದು ಮಾತು. ಸ್ಪೀಕರ್ ಕೂಡಿಸದೆ ಅದರಲ್ಲಿ ಹಾಡು ಹಾಕಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಈಗಿನ ಎಷ್ಟೋ ಚಿಕ್ಕ ಡಿಜಿಟಲ್ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಎಂದರೆ ಅರ್ಥ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ವೈರ್ ಉಳಿಸಲು ಎಡ ಬಲದ ಎರಡೂ ಕಪ್ಪನ್ನು ಒಂದು ಮಾಡಿದರೆ ಕಥೆ ಮುಗಿದ ಹಾಗೆ. ಹಿಂದೆ ನಾಲ್ಕು ಟರ್ಮಿನಲ್ ಇರುವ ಸ್ಪೀಕರ್‌ನಲ್ಲಿ ಮೇಲಿನ ಜೋಡಿಗೂ ಕೆಳಗಿನ ಜೋಡಿಗೂ ನಡುವೆ ಲೋಹದ ಪಟ್ಟಿ ಇರುತ್ತದೆ. ಅದು ಪ್ಯಾಕಿಂಗಿನ ಭಾಗ ಎಂದುಕೊಂಡು ಕಿತ್ತೆಸೆದ ಒಬ್ಬರು ಮೇಡಮ್, "ಸ್ಪೀಕರ್‌ನಲ್ಲಿ ಬರೀ ಗುಡುಗು ಬರುತ್ತೆ, ಮಾತು ಬರಲ್ಲ" ಎಂದು ಕರೆದಿದ್ದರು. ಕೆಳಗಿನ ಜೋಡಿಗೆ ಮಾತ್ರ ವೈರ್ ಇತ್ತು, ಟ್ವೀಟರ್‌ಗೆ ದಾರಿಯೇ ಇರಲಿಲ್ಲ. ಅದೇ ವೈರಿನ ಎರಡು ತುಂಡು ಕತ್ತರಿಸಿ ಸೇತುವೆ ಮಾಡಿ ಕೊಟ್ಟೆ. ಪಟ್ಟಿಗಿಂತ ಅದೇನೂ ಕಡಿಮೆಯಲ್ಲ.

ಗುಯ್ ಎಂಬ ಸದ್ದು ಬಂದರೆ ಎಲ್ಲರೂ ಮೊದಲು ಸ್ಪೀಕರ್ ವೈರನ್ನೇ ಬೈಯುತ್ತಾರೆ. ಅದು ಅಲ್ಲಿಂದ ಬರುವುದು ಅಪರೂಪ. ಆಂಪ್‌ಗಿಂತ ಹಿಂದಿನ ತೆಳು ಕೇಬಲ್‌ಗಳಲ್ಲಿ ಸಿಗ್ನಲ್ ತೀರಾ ಚಿಕ್ಕದು, ಗುಯ್ ಸೇರಿಕೊಳ್ಳುವುದು ಅಲ್ಲಿ. ಹಾಗೆಂದು ಸ್ಪೀಕರ್ ವೈರನ್ನು ಕರೆಂಟ್ ವೈರಿನ ಪೈಪಿನಲ್ಲೇ ಎಳೆಯಬೇಡಿ. ಅದು ಶಬ್ದದ ಮಾತಲ್ಲ, ಜೀವದ ಮಾತು. ಸಿಪ್ಪೆ ಎಲ್ಲಾದರೂ ಸವೆದರೆ ಕರೆಂಟ್ ನೇರ ಸ್ಪೀಕರ್‌ಗೆ ಬರುತ್ತದೆ. ಉಳಿದ ವೈರ್ ಸುರುಳಿ ಸುತ್ತಿಟ್ಟರೆ ಶಬ್ದ ಕೆಡುತ್ತದೆ ಎಂಬ ಮಾತೂ ಇದೆ. ಒಂದರಲ್ಲಿ ಹೋದ ಕರೆಂಟ್ ಪಕ್ಕದ್ದರಲ್ಲೇ ವಾಪಸ್ ಬರುವುದರಿಂದ ಸುರುಳಿಯ ಪರಿಣಾಮ ಬಹುಪಾಲು ಅಲ್ಲಲ್ಲೇ ವಜಾ ಆಗುತ್ತದೆ. ನಾನಂತೂ ಪ್ರತಿ ತುದಿಯಲ್ಲೂ ಅರ್ಧ ಮೀಟರ್ ಹೆಚ್ಚಿಗೆ ಬಿಡುತ್ತೇನೆ.

ಯಾಕೆಂದರೆ ತುದಿಯನ್ನು ಮತ್ತೆ ಮತ್ತೆ ಕತ್ತರಿಸಬೇಕಾಗುತ್ತದೆ. ವರ್ಷಕ್ಕೊಮ್ಮೆ ಎಲ್ಲ ಟರ್ಮಿನಲ್ ಬಿಚ್ಚಿ ನೋಡಿ. ತಾಮ್ರ ಹೊಳೆಯುತ್ತಿದ್ದರೆ ಮತ್ತೆ ಬಿಗಿ ಮಾಡಿ ಸುಮ್ಮನಾಗಿ. ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ. ಎಳೆ ಎಳೆಯ ನಡುವೆ ಇಳಿದ ಕಿಲುಬು ಉಜ್ಜಿದರೆ ಹೋಗುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸದಾಗಿ ಸುಲಿಯಿರಿ. ಟರ್ಮಿನಲ್ಲನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಪಾರದರ್ಶಕ ಸಿಪ್ಪೆಯ ಕೆಲವು ವೈರ್‌ಗಳಲ್ಲಿ ಉದ್ದಕ್ಕೂ ಹಸಿರು ಕಾಣಿಸುತ್ತದೆ. ನೋಡಲು ಅಸಹ್ಯ, ಆದರೆ ನಡುವಿನ ಹಸಿರು ಮೇಲ್ಮೈಯದ್ದು. ತುದಿಯಲ್ಲಿ ಒಳ್ಳೆಯ ತಾಮ್ರ ಸಿಕ್ಕರೆ ಹಾಡು ನಿಲ್ಲುವುದಿಲ್ಲ. ನಡುವೆ ಜೋಡಣೆ ಇದ್ದರೆ ಅದನ್ನೂ ನೋಡಿ. ಬರೀ ಟೇಪ್ ಸುತ್ತಿದ್ದರೆ ಅದರ ಅಂಟು ಒಣಗಿ ಬಿಚ್ಚಿಕೊಂಡಿರುತ್ತದೆ. ಒತ್ತಿ ಕೂರಿಸುವ ಕನೆಕ್ಟರ್ ಹಾಕಿ. ಬೆಸುಗೆ ಹಾಕಿ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದರೂ ಆಯಿತು, ಇಲ್ಲಿ ತಿರುಪಿನ ಒತ್ತಡ ಇಲ್ಲವಲ್ಲ.

ಒಂದು ಸ್ಪೀಕರ್ ಗರಗರ ಎನ್ನುತ್ತಿದ್ದರೆ, ಎಡದ್ದು ಎಂದಿಟ್ಟುಕೊಳ್ಳಿ, ಆಂಪ್ ಆಫ್ ಮಾಡಿ ಆಂಪ್ ಕಡೆಯ ಎಡ ಬಲ ವೈರ್‌ಗಳನ್ನು ಅದಲು ಬದಲು ಮಾಡಿ. ಗರಗರ ಬಲಕ್ಕೆ ಹೋಯಿತೇ? ದೋಷ ಆಂಪ್‌ನಲ್ಲಿ ಅಥವಾ ಅದಕ್ಕೂ ಹಿಂದೆ. ಎಡದಲ್ಲೇ ಉಳಿಯಿತೇ? ವೈರ್ ಇಲ್ಲವೇ ಸ್ಪೀಕರ್. ಆಗ ಬಲಗಡೆಯ ಒಳ್ಳೆಯ ವೈರನ್ನು ತಂದು ಈ ಸ್ಪೀಕರ್‌ಗೆ ಹಾಕಿ ನೋಡಿ. ಮಲ್ಟಿಮೀಟರ್ ಇದ್ದರೆ ಆಂಪ್ ಕಡೆ ವೈರ್ ಬಿಡಿಸಿ, ಸ್ಪೀಕರ್ ಕಡೆ ಹಾಗೇ ಬಿಟ್ಟು ಓಮ್ ಅಳೆಯಿರಿ. 8 ಓಮ್ ಸ್ಪೀಕರ್ ಸುಮಾರು 6 ತೋರಿಸಬೇಕು. ಸೊನ್ನೆಯ ಹತ್ತಿರ ಇದ್ದರೆ ಎಲ್ಲೋ ಶಾರ್ಟ್, ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ. ಅಳೆಯುತ್ತಿರುವಾಗಲೇ ಇನ್ನೊಬ್ಬರಿಗೆ ವೈರನ್ನು ಉದ್ದಕ್ಕೂ ಮೆಲ್ಲಗೆ ಅಲ್ಲಾಡಿಸಲು ಹೇಳಿ. ಅಂಕಿ ಕುಣಿದ ಜಾಗದಲ್ಲಿ ಕತ್ತರಿ ಹಾಕಿ.